ಬ್ರೇಕಮ್ಮ ಟಯರು ಬದಲಾಯಿಸಿದ್ದು

ಕಾರು ಓಡಿಸಲು ಕಲಿಸುವ ಆ ಹೆಂಗಸಿಗೆ ಬ್ರೇಕಮ್ಮ ಎಂದು ಹೆಸರಿಟ್ಟವರು ಅವಳ ಶಿಷ್ಯರೇ. ಕಲಿಯುವವರ ಕಾಲ ಬಳಿ ಒಂದು ಬ್ರೇಕು, ಪಕ್ಕದಲ್ಲಿ ಕೂತ ಅವಳ ಕಾಲ ಬಳಿ ಇನ್ನೊಂದು. ಅದರ ಮೇಲೆ ಪಾದ ಇಟ್ಟುಕೊಂಡೇ ಅವಳ ದಿನ ಕಳೆಯುತ್ತಿತ್ತು. ಮೊದಮೊದಲು ಬೆನ್ನ ಹಿಂದೆ ಹಾಗೆ ಕರೆಯುತ್ತಿದ್ದರು. ಹೇಗೋ ಅದು ಅವಳ ಕಿವಿಗೂ ಬಿತ್ತು. ಕೊನೆಯಲ್ಲಿ ಅಮ್ಮ ಅಂತ ಸೇರಿಸಿದ್ದಾರಲ್ಲ, ಮರ್ಯಾದೆಗೇನೂ ಕಮ್ಮಿಯಿಲ್ಲ ಎಂದು ಅವಳು ನಕ್ಕುಬಿಟ್ಟಳು. ಅಲ್ಲಿಂದ ಮುಂದೆ ಎಲ್ಲರೂ ಎದುರಿಗೇ ಬ್ರೇಕಮ್ಮ ಅಂದರು.

ಅವಳೇನೂ ಹುಟ್ಟಾ ಡ್ರೈವರಲ್ಲ. ನಲವತ್ತು ಹತ್ತಿರವಾಗುವ ತನಕ ಔಷಧದ ಗೋದಾಮೊಂದರಲ್ಲಿ ಡಬ್ಬಗಳಿಗೆ ಚೀಟಿ ಅಂಟಿಸುತ್ತಿದ್ದಳು. ಆ ವಯಸ್ಸಿನಲ್ಲಿ ಏನು ಹುಕಿ ಬಂತೋ, ಸಂಬಳ ಉಳಿಸಿ ಕಾರು ಕಲಿಯಲು ಹೋದಳು. ಕಲಿಸಿದವನ ಬಾಯಿಯೋ, ಬೈಗುಳದ ಚೀಲ. ಎಡಕ್ಕೆ ತಿರುಗಿಸಿದರೆ ಎಡಕ್ಕೇಕೆ ಎಂದು ಬೈಗುಳ, ಬಲಕ್ಕೆ ತಿರುಗಿಸಿದರೆ ಬಲಕ್ಕೇಕೆ ಎಂದು. ಕಣ್ಣೊರೆಸಿಕೊಳ್ಳುತ್ತಲೇ ಕಲಿತಳು. ಬೈಯದೆಯೂ ಇದನ್ನು ಕಲಿಸಬಹುದಲ್ಲ ಎಂಬ ಮಾತು ಆಗಲೇ ಅವಳ ತಲೆಯೊಳಗೆ ಹೊಕ್ಕು ಕೂತಿತು. ಕೆಲವು ವರ್ಷಗಳಲ್ಲಿ ಗೋದಾಮು ಬಿಟ್ಟು ಅದನ್ನೇ ಕಸುಬು ಮಾಡಿಕೊಂಡಳು. ಹೆದರುವವರೆಲ್ಲ ಅವಳನ್ನು ಹುಡುಕಿಕೊಂಡು ಬರುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಕಾರು ಮೂಲೆ ಹಿಡಿದಿದೆ ಎಂದು ಬಂದವರು, ಮಕ್ಕಳ ಮೂದಲಿಕೆಗೆ ರೋಸಿ ಬಂದ ತಂದೆಯರು, ಬೇರೆ ಕಡೆ ಬೈಸಿಕೊಂಡು ಅರ್ಧಕ್ಕೆ ಬಿಟ್ಟವರು.

ಅವಳ ಕಾರು ಬ್ಯಾಟರಿ ಕಾರು. ಅದನ್ನು ಕೊಂಡಾಗ ಗಂಡ ತಮಾಷೆ ಮಾಡಿದ್ದ. ಗೇರು ಇಲ್ಲ, ಕ್ಲಚ್ಚು ಇಲ್ಲ, ಇದರಲ್ಲಿ ಕಲಿಸೋದಕ್ಕೆ ಇನ್ನೇನು ಉಳಿದಿದೆ ಎಂದು. ಹೆದರಿಕೆ ಉಳಿದಿದೆಯಲ್ಲ, ಅದನ್ನು ಬಿಡಿಸೋದೇ ನನ್ನ ಕೆಲಸ ಎಂದಿದ್ದಳು ಇವಳು. ಗಂಡನದು ಬೀದಿಯ ಮೂಲೆಯಲ್ಲಿ ಕ್ಷೌರದ ಅಂಗಡಿ. ಎರಡು ಕುರ್ಚಿ, ಒಂದು ಉದ್ದನೆಯ ಬೆಂಚು, ಕಾಯುವವರಿಗೆ ಮೂಲೆ ಹರಿದ ಹಳೇ ಪತ್ರಿಕೆಗಳು. ಕತ್ತರಿಗಿಂತ ನಾಲಿಗೆ ಚುರುಕಾದ ಮನುಷ್ಯ, ಆದರೆ ಮನಸ್ಸು ಬೆಣ್ಣೆ.

ಕಲಿಯುವವರ ಕೈಗೆ ಸಿಕ್ಕ ಕಾರಿನ ಟಯರು ಎಷ್ಟು ದಿನ ಬಾಳೀತು? ಒಬ್ಬರು ಪಾದಚಾರಿ ಕಟ್ಟೆಗೆ ಉಜ್ಜುತ್ತಿದ್ದರು, ಇನ್ನೊಬ್ಬರು ನಿಂತಲ್ಲೇ ಸ್ಟೀರಿಂಗ್ ತಿರುವುತ್ತಿದ್ದರು. ಮತ್ತೊಬ್ಬರು ಕಾಲಿಟ್ಟರೆ ಸಾಕು, ಕಾರು ಕುದುರೆಯ ಹಾಗೆ ಮುಂದಕ್ಕೆ ನೆಗೆಯುತ್ತಿತ್ತು. ಕಾರಿನ ಜೊತೆ ಬಂದಿದ್ದ ಟಯರುಗಳು ಸವೆದು ಸವೆದು ಹಳೇ ಚಪ್ಪಲಿಯ ತಳದ ಹಾಗೆ ನುಣ್ಣಗಾದವು. ಇನ್ನೊಂದಿಷ್ಟು ದಿನ ನೋಡೋಣ, ಇನ್ನೊಂದಿಷ್ಟು ದಿನ ನೋಡೋಣ ಎಂದು ಬ್ರೇಕಮ್ಮ ಮುಂದಕ್ಕೆ ಹಾಕುತ್ತ ಬಂದಳು.

ಹಾಗೆ ಮುಂದಕ್ಕೆ ಹಾಕಿದ್ದು ಒಂದು ಜಿಟಿಜಿಟಿ ಮಳೆಯ ಬೆಳಗ್ಗೆ ಅವಳನ್ನು ಹಿಡಿದು ನಿಲ್ಲಿಸಿತು. ಅಂದು ಓಡಿಸುತ್ತಿದ್ದವರು ಒಬ್ಬ ಹಲ್ಲಿನ ಡಾಕ್ಟರಮ್ಮ. ಇಡೀ ಊರಿನ ಹಲ್ಲು ಕೀಳುವ ಧೈರ್ಯವಿದ್ದ ಆಕೆಗೆ ಸ್ಟೀರಿಂಗ್ ಹಿಡಿದರೆ ಕೈ ನಡುಗುತ್ತಿತ್ತು. ಕುರ್ಚಿ ಮೇಜು ಮಾರುವ ಅಂಗಡಿಯ ಮುಂದೆ ಒಬ್ಬ ಮುದುಕ ಛತ್ರಿ ಹಿಡಿದು ರಸ್ತೆಗಿಳಿದ. ಡಾಕ್ಟರಮ್ಮ ಸರಿಯಾಗಿಯೇ ಬ್ರೇಕು ಒತ್ತಿದರು. ಬ್ರೇಕಮ್ಮನೂ ಒತ್ತಿದಳು. ಎರಡು ಬ್ರೇಕಿಗೂ ಕಾರು ಕಿವಿಗೊಡಲಿಲ್ಲ. ಸಾಬೂನು ಸವರಿದ ನೆಲದ ಮೇಲಿನ ಹಾಗೆ ಓರೆಯಾಗಿ ಜಾರಿ, ಮುದುಕನ ಪಕ್ಕದಿಂದ ಹಾದುಹೋಗಿ, ಅಂಗಡಿಯವನು ಹೊರಗೆ ಪೇರಿಸಿಟ್ಟಿದ್ದ ಪ್ಲಾಸ್ಟಿಕ್ ಕುರ್ಚಿಗಳನ್ನು ಉರುಳಿಸಿ ನಿಂತಿತು. ಯಾರಿಗೂ ತರಚು ಗಾಯವೂ ಆಗಲಿಲ್ಲ. ಮುದುಕ ಉರುಳಿದ ಕುರ್ಚಿಗಳಲ್ಲೇ ಒಂದನ್ನು ಎತ್ತಿಟ್ಟುಕೊಂಡು ಕೂತು ಸುಧಾರಿಸಿಕೊಂಡ. ಡಾಕ್ಟರಮ್ಮ ಮಾತ್ರ ನನ್ನಿಂದ ತಪ್ಪಾಯಿತು ಎಂದು ಬಿಕ್ಕುತ್ತಿದ್ದರು. ನಿಮ್ಮ ತಪ್ಪು ಒಂದು ಸಾಸಿವೆಯಷ್ಟೂ ಇಲ್ಲ, ತಪ್ಪು ಟಯರಿನದು, ಅದನ್ನು ಬದಲಾಯಿಸದ ನನ್ನದು ಎಂದು ಬ್ರೇಕಮ್ಮ ಅವರ ಬೆನ್ನು ಸವರಿದಳು. 

ಗಂಡನ ಅಂಗಡಿಯಲ್ಲಿ ಸುದ್ದಿ ಹರಡಿದ ಮೇಲೆ ಕೇಳಬೇಕೆ? ಕುರ್ಚಿಗೆ ಕೂತವರೆಲ್ಲ ಟಯರು ಪಂಡಿತರಾದರು. ಅಗಲವಾದದ್ದು ಹಾಕಿಸು ಎಂದು ಒಬ್ಬ, ಕಿರಿದಾದದ್ದೇ ಒಳ್ಳೆಯದು ಎಂದು ಇನ್ನೊಬ್ಬ. ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡಿದ್ದ ಲಾರಿ ಡ್ರೈವರನೊಬ್ಬ ಮಾತಾಡಲು ಹೋಗಿ ಬಾಯಿಗೆ ಸಾಬೂನು ತುಂಬಿಕೊಂಡ. ಸಂಜೆ ಗಂಡ ಅಷ್ಟನ್ನೂ ಹೊತ್ತು ತಂದು ಹೆಂಡತಿಯ ಮುಂದೆ ಸುರಿದ. ಎಲ್ಲ ಕೇಳಿಸಿಕೊಂಡು ಅವಳು, ಇಷ್ಟು ಜನ ಇಷ್ಟು ಹೇಳಿದ್ದಾರೆ, ಒಬ್ಬರಾದರೂ ಬ್ಯಾಟರಿ ಕಾರು ಇಟ್ಟುಕೊಂಡಿದ್ದಾರಾ ಎಂದು ಕೇಳಿದಳು. ಗಂಡ ಬಾಚಣಿಗೆ ತೊಳೆಯುವ ನೆವ ಮಾಡಿ ಒಳಗೆ ಹೋದ.

ಮಾರನೇ ದಿನ ಇಬ್ಬರೂ ಟಯರಿನ ಅಂಗಡಿಗೆ ಹೋದರು. ಅಲ್ಲಿನವನು ದಪ್ಪ ಮನುಷ್ಯ, ಎರಡೂ ಮೊಣಕೈಗೆ ಕರಿ ಮೆತ್ತಿಕೊಂಡಿತ್ತು. ಅವನು ಕಾರಿನ ಸುತ್ತ ಒಂದು ಸುತ್ತು ಬಂದು ತಲೆಯಾಡಿಸಿದ. ಬ್ಯಾಟರಿ ಇರುವುದರಿಂದ ಈ ಕಾರುಗಳ ಭಾರ ಜಾಸ್ತಿ, ಕಾಲಿಟ್ಟ ಕೂಡಲೇ ಎಳೆಯುವ ಜೋರೂ ಜಾಸ್ತಿ, ಟಯರಿಗೆ ಎರಡು ಕಡೆಯಿಂದಲೂ ಪೆಟ್ಟು ಎಂದು ವಿವರಿಸಿದ. ಅಗ್ಗದ್ದೊಂದು ಗೋಡೆಗೆ ಒರಗಿತ್ತು. ಗಂಡ ಅದರತ್ತ ಕಣ್ಣು ಹಾಯಿಸಿದ್ದನ್ನು ನೋಡಿ, ಅದು ಇಷ್ಟು ಭಾರ ಹೊರುವುದಿಲ್ಲ, ನೀವು ಕೇಳಿದರೂ ನಾನು ಹಾಕುವುದಿಲ್ಲ ಎಂದುಬಿಟ್ಟ. ಉಳಿದದ್ದು ಎರಡು. ಒಂದು, ಕಾರಿನ ಜೊತೆ ಬಂದಿತ್ತಲ್ಲ, ಅದೇ ಜಾತಿಯದು. ಹಗುರವಾಗಿ ಉರುಳುತ್ತದೆ, ಸದ್ದಾಗದಿರಲೆಂದು ಒಳಗೆ ಸ್ಪಂಜಿನ ಪಟ್ಟಿ ಅಂಟಿಸಿರುತ್ತಾರೆ, ಚಾರ್ಜು ಉಳಿಯುತ್ತದೆ. ಆದರೆ ತರಿಸಬೇಕು, ವಾರಗಟ್ಟಲೆ ಕಾಯಬೇಕು. ಇನ್ನೊಂದು ಅಂಗಡಿಯಲ್ಲೇ ಇತ್ತು. ಒದ್ದೆ ರಸ್ತೆಯನ್ನು ಕಚ್ಚಿ ಹಿಡಿಯುವ ರಬ್ಬರು, ಆಳವಾದ ಗೀರುಗಳು, ಕಟ್ಟೆಗೆ ತಾಗಿದರೂ ಜಗ್ಗದ ದಪ್ಪ ಪಕ್ಕೆ.

"ಇದಕ್ಕೆ ಹಿಡಿತ ಜಾಸ್ತಿ ಮೇಡಂ. ಹಿಡಿತ ಜಾಸ್ತಿ ಅಂದ ಮೇಲೆ ಉರುಳೋಕೆ ಶಕ್ತಿನೂ ಜಾಸ್ತಿ ಬೇಕು. ಈಗ ಹೋಗೋ ದೂರದಲ್ಲಿ ಹತ್ತರಲ್ಲಿ ಒಂದು ಪಾಲು ಹೋಯ್ತು ಅಂತಲೇ ಇಟ್ಕೊಳ್ಳಿ. ಆಮೇಲೆ ಬಂದು ನನ್ನನ್ನ ಕೇಳಬೇಡಿ" ಎಂದ ಟಯರಿನವನು.

ಯೋಚನೆ ಮಾಡಿ ಹೇಳುತ್ತೇವೆ ಎಂದು ಗಂಡ ಹೆಂಡತಿಯನ್ನು ಹೊರಡಿಸಿಕೊಂಡು ಬಂದ. ಅವನ ತಲೆಯಲ್ಲಿದ್ದದ್ದು ಅಕ್ಕನ ಮನೆ. ಅವನ ಒಬ್ಬರೇ ಅಕ್ಕ ಇನ್ನೊಂದು ಪಟ್ಟಣದಲ್ಲಿದ್ದರು. ತಿಂಗಳಿಗೊಂದು ಭಾನುವಾರ ಇಬ್ಬರೂ ಅಲ್ಲಿಗೆ ಹೋಗಿ, ಊಟ ಮಾಡಿ, ಅಂದೇ ಹಿಂದಿರುಗುವುದು ರೂಢಿ. ಪೂರ್ತಿ ಚಾರ್ಜು ಮಾಡಿ ಹೊರಟರೆ ಹೋಗಿಬರಲು ಸರಿಯಾಗುತ್ತಿತ್ತು, ಚಾರ್ಜು ಮುಗಿಯುತ್ತ ಬಂತೆನ್ನುವ ಹಳದಿ ದೀಪ ಹೊತ್ತಿಕೊಳ್ಳುವ ಹೊತ್ತಿಗೆ ತಮ್ಮ ಬೀದಿ ಬಂದಿರುತ್ತಿತ್ತು. ಹತ್ತರಲ್ಲಿ ಒಂದು ಪಾಲು ಹೋದರೆ ಆ ಲೆಕ್ಕವೇ ತಲೆಕೆಳಗು.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ನೀನು ಹಾಸಿಗೆನೇ ಕತ್ತರಿಸ್ತಾ ಇದ್ದೀಯಲ್ಲೇ" ಎಂದ ಊಟಕ್ಕೆ ಕೂತಾಗ.

"ಭಾನುವಾರಕ್ಕೋಸ್ಕರ ಆರು ದಿನ ಜಾರಿಕೊಂಡು ಓಡಾಡಲಾ? ಆ ಅಜ್ಜ ಛತ್ರಿ ಹಿಡ್ಕೊಂಡು ನಿಂತಿದ್ದು ಇನ್ನೂ ನನ್ನ ಕಣ್ಣಲ್ಲೇ ಇದೆ ಕಣ್ರೀ."

ದಾರಿಯಲ್ಲಿ ಪೆಟ್ರೋಲ್ ಬಂಕಿನ ಪಕ್ಕ ಚಾರ್ಜು ಮಾಡುವ ಜಾಗ ಇದೆಯಲ್ಲ, ಅಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ ಎಂದು ಅವಳೇ ದಾರಿಯನ್ನೂ ತೋರಿಸಿದಳು. ನಾಲ್ಕೂ ಚಕ್ರಕ್ಕೆ ಹಿಡಿತದ ಟಯರುಗಳೇ ಬಂದವು.

ಮೊದಲ ವಾರ ಅವಳಿಗೆ ಹಬ್ಬ, ಗಂಡನಿಗೆ ಸೂತಕ. ಮಳೆಯಲ್ಲಿ ಕಾರು ಹೇಳಿದಲ್ಲಿ ನಿಲ್ಲುತ್ತಿತ್ತು. ಡಾಕ್ಟರಮ್ಮನನ್ನು ಪುಸಲಾಯಿಸಿ ಅದೇ ಕುರ್ಚಿ ಅಂಗಡಿಯ ಮುಂದೆ ಕರೆದೊಯ್ದು, ರಸ್ತೆ ಖಾಲಿಯಿದ್ದಾಗ ಬೇಕೆಂದೇ ಬ್ರೇಕು ಒತ್ತಿಸಿದಳು. ಕಾರು ಗೂಟ ಹೊಡೆದ ಹಾಗೆ ನಿಂತಿತು. ಅಂಗಡಿಯವನು ಮಾತ್ರ ಓಡಿಬಂದು ಕುರ್ಚಿಗಳನ್ನು ಒಳಗೆ ಎಳೆದುಕೊಂಡ. ಡಾಕ್ಟರಮ್ಮನ ಕೈ ಅಂದಿನಿಂದ ನಡುಗಲಿಲ್ಲ.

ಆದರೆ ಟಯರಿನವನ ಮಾತು ಸುಳ್ಳಾಗಲಿಲ್ಲ. ಇಂಜಿನ್ನಿನ ಸದ್ದಿಲ್ಲದ ಕಾರು, ಟಯರಿನ ಗುಂಯ್ ಎಂಬ ಶಬ್ದ ಜೇನುಗೂಡು ಕಟ್ಟಿದ ಹಾಗೆ ಕೇಳಿಸುತ್ತಿತ್ತು. ಚಾರ್ಜಂತೂ ಹತ್ತರಲ್ಲಿ ಒಂದಲ್ಲ, ಅದಕ್ಕಿಂತ ಹೆಚ್ಚೇ ಇಳಿಯುತ್ತಿತ್ತು. ಗಂಡ ಬಾಯಿ ಬಿಟ್ಟು ಏನೂ ಹೇಳುತ್ತಿರಲಿಲ್ಲ. ಸಂಜೆ ಕಾರಿನೊಳಗೆ ಬಗ್ಗಿ ಅಂಕಿ ನೋಡಿ, ಗಂಟಲು ಸರಿಮಾಡಿಕೊಂಡು ಒಳಗೆ ಹೋಗುತ್ತಿದ್ದ. ಬೈದಿದ್ದರೆ ಎದುರು ಮಾತಾಡಬಹುದಿತ್ತು, ಕೆಮ್ಮಿಗೆ ಏನೆಂದು ಎದುರಾಡುವುದು? ಬ್ರೇಕಮ್ಮನಿಗೆ ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು. ಕೊನೆಗೆ ಟಯರಿನ ಅಂಗಡಿಗೇ ಹೋದಳು. ಕೇಳಬೇಡಿ ಎಂದಿದ್ದವನು ಕೇಳಿಸಿಕೊಂಡ. ಗಾಳಿ ನೋಡಿದರೆ ಅವನೇ ಸಾಮಾನ್ಯ ಕಾರಿನ ಲೆಕ್ಕದಲ್ಲಿ ಕಮ್ಮಿ ತುಂಬಿದ್ದ, ಗಾಳಿ ಕಮ್ಮಿಯಾದರೆ ಟಯರು ಇನ್ನಷ್ಟು ಚಾರ್ಜು ತಿನ್ನುತ್ತದೆ. ನಾಚಿಕೊಂಡು, ಕಾರಿನ ಬಾಗಿಲ ಅಂಚಿನ ಚೀಟಿಯಲ್ಲಿ ಬರೆದಷ್ಟು ತುಂಬಿಸಿದ. ಜೊತೆಗೆ ಇನ್ನೊಂದು ಮಾತೂ ಹೇಳಿದ. ಸವೆದ ಟಯರು ಯಾವುದೇ ಆಗಲಿ ಸಲೀಸಾಗಿ ಉರುಳುತ್ತದೆ. ನೀವು ಹೊಸದನ್ನು ಆ ಬೋಳು ಟಯರಿಗೆ ಹೋಲಿಸುತ್ತಿದ್ದೀರಿ, ಹಳೇ ಜಾತಿಯದನ್ನೇ ಹೊಸದಾಗಿ ಹಾಕಿಸಿದ್ದರೂ ಸ್ವಲ್ಪ ಕಮ್ಮಿಯಾಗುತ್ತಿತ್ತು. ಒಂದಿಷ್ಟು ದೂರ ಓಡಲಿ, ಹದಕ್ಕೆ ಬರುತ್ತದೆ. ಅವನ ಮಾತಿನಂತೆ ಕಳೆದದ್ದರಲ್ಲಿ ಒಂದಿಷ್ಟು ವಾಪಸು ಬಂತು. ಅಕ್ಕನ ಮನೆಗೆ ಹೋಗಿಬರುವಷ್ಟು ಮಾತ್ರ ಬರಲಿಲ್ಲ.

ಆ ಭಾನುವಾರ ಬಂದೇ ಬಂತು. ಅವಳ ಅತ್ತಿಗೆ, ಎಂದರೆ ಗಂಡನ ಅಕ್ಕ, ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿಗೆ, ಯಾವಾಗ ಎಂದು ಸಾರುವ ಕೆಲಸ ಮಾಡಿ ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಊಟಕ್ಕೆ ಕರೆಯುವಾಗಲೂ ಅದೇ ದನಿ, ನಿಧಾನ, ಎರಡೆರಡು ಸಲ. ಬ್ರೇಕಮ್ಮನಿಗೂ ಅವರಿಗೂ ಜಗಳವೇನಿರಲಿಲ್ಲ, ಸಲಿಗೆಯೂ ಇರಲಿಲ್ಲ. ಇವಳ ಮದುವೆಯಾದಂದಿನಿಂದ ಹೋಗಿ ಬನ್ನಿ ಮಾತುಗಳಲ್ಲೇ ಕಾಲ ಕಳೆದಿತ್ತು. ತಮ್ಮನನ್ನು ಕೂತ ಜಾಗ ಬಿಸಿಯಾಗುವ ಮೊದಲೇ ಎಬ್ಬಿಸಿಕೊಂಡು ಹೋಗುವವಳು ಎಂದು ಅತ್ತಿಗೆಗೆ ಒಳಗೊಳಗೇ ಬೇಸರ. ಇವಳಿಗೂ ಅದು ಗೊತ್ತು. ಚಾರ್ಜು ಮುಗಿಯುತ್ತೆ, ಬೆಳಕಿರುವಾಗಲೇ ಹೊರಡಬೇಕು ಎಂಬ ನೆವ ಪ್ರತಿ ಸಲವೂ ಕೈಗೆ ಸಿಗುತ್ತಿತ್ತು. ನಿಜ ಹೇಳಬೇಕೆಂದರೆ ಆ ಮನೆಯಲ್ಲಿ ಏನು ಮಾತಾಡಬೇಕೆಂದು ಅವಳಿಗೆ ತಿಳಿಯುತ್ತಿರಲಿಲ್ಲ.

ದಾರಿಯ ಪೆಟ್ರೋಲ್ ಬಂಕು ಬಂದಾಗ ನೋಡಿದರೆ ಚಾರ್ಜು ಮಾಡುವ ಯಂತ್ರಕ್ಕೆ ನೀಲಿ ಟಾರ್ಪಾಲು ಹೊದಿಸಿ ಹಗ್ಗ ಬಿಗಿದಿದ್ದರು. ರಿಪೇರಿ ಯಾವಾಗ ಎಂದು ಕೇಳಿದ್ದಕ್ಕೆ ಬಂಕಿನವನು ಆಕಾಶ ನೋಡಿದ. ಮುಂದೆ ಹೋಗುವುದೋ ಹಿಂದೆ ಹೋಗುವುದೋ? ಹೋಗಿ ತಲುಪಲಂತೂ ಅಡ್ಡಿಯಿರಲಿಲ್ಲ. ತಲುಪಿದರು. ಗಂಡ ಇಳಿಯುತ್ತಲೇ ಅಕ್ಕನಿಗೆ ವಿಷಯವನ್ನೆಲ್ಲ ಹೇಳಿ, ಇವಳ ಟಯರಿನ ದೆಸೆಯಿಂದ ಈಗ ನಿನ್ನ ಮನೆಯ ಕರೆಂಟೇ ಗತಿ ಎಂದ. ಮನೆಯ ಪ್ಲಗ್ಗಿನಿಂದ ಚಾರ್ಜಾಗಲು ಒಂದು ರಾತ್ರಿಯಾದರೂ ಬೇಕು ಎಂದು ಬ್ರೇಕಮ್ಮ ಸಂಕೋಚದಿಂದ ಸೇರಿಸಿದಳು.

ಅತ್ತಿಗೆ ಕಾರನ್ನೊಮ್ಮೆ, ತಮ್ಮನನ್ನೊಮ್ಮೆ ನೋಡಿದರು. "ಹಾಗಾದ್ರೆ ಇವತ್ತು ಉಳ್ಕೊತೀರಿ" ಎಂದರು. ಎಂದಿನಂತೆ ಎರಡನೇ ಸಲವೂ ಅದನ್ನೇ ಹೇಳಿದರು, ಈ ಸಲ ನಗುತ್ತ.

ಅಡುಗೆಮನೆಯ ಕಿಟಕಿಯಿಂದ ವೈರು ಎಳೆದದ್ದಾಯಿತು. ಫ್ಯೂಸು ಹೋದೀತೆಂದು ಅತ್ತಿಗೆ ಇಸ್ತ್ರಿ ಪೆಟ್ಟಿಗೆಯನ್ನು ಬೀರುವಿನೊಳಗಿಟ್ಟರು, ಫ್ರಿಜ್ಜಿನ ಬಾಗಿಲನ್ನೂ ಮೆಲ್ಲಗೆ ತೆರೆಯಿರಿ ಎಂದರು. ಗಳಿಗೆಗೊಮ್ಮೆ ಅಂಗಳಕ್ಕೆ ಹೋಗಿ, ಕರು ಹಾಲು ಕುಡಿಯಿತೇ ಎಂದು ನೋಡುವವರ ಹಾಗೆ ಕಾರಿನ ಮುಂದೆ ನಿಂತು ಬಂದರು. ಬ್ರೇಕಮ್ಮ ಡಾಕ್ಟರಮ್ಮನಿಗೆ ಫೋನು ಮಾಡಿ ಸೋಮವಾರದ ಪಾಠವನ್ನು ಮುಂದೂಡಿದಳು. ಗಂಡ ಹೊಟ್ಟೆ ತುಂಬ ಉಂಡು ಅಕ್ಕನ ಸೋಫಾದ ಮೇಲೆ ಮಲಗಿಬಿಟ್ಟ. ಹೊರಡುವ ಅವಸರವಿಲ್ಲದ ಮಧ್ಯಾಹ್ನ ಆ ಮನೆಯಲ್ಲಿ ಅವಳಿಗೆ ಅದೇ ಮೊದಲು. ಇಬ್ಬರೂ ತೊಳೆದ ಬಟ್ಟೆ ಮಡಿಸುತ್ತ ಕೂತರು. ಕೈಗೆ ಕೆಲಸವಿದ್ದಾಗ ಬಾಯಿಗೆ ಮಾತು ತಾನಾಗಿ ಬರುತ್ತದಲ್ಲ. ಗೋದಾಮಿನ ಚೀಟಿಗಳ ಕತೆ ಬಂತು, ಬೈಗುಳದ ಮೇಷ್ಟರ ಕತೆ ಬಂತು. ಅತ್ತಿಗೆ ನಿಲ್ದಾಣದ ಕತೆ ತೆಗೆದರು. ತಪ್ಪಿ ಬೇರೆ ಬಸ್ಸಿನ ಹೆಸರು ಹೇಳಿ, ಒಂದು ಮದುವೆ ದಿಬ್ಬಣವನ್ನೇ ಎಲ್ಲಿಗೋ ಕಳಿಸಿಬಿಟ್ಟಿದ್ದರಂತೆ. ಇಬ್ಬರೂ ನಕ್ಕ ಸದ್ದಿಗೆ ಗಂಡ ಮಗ್ಗುಲು ಬದಲಿಸಿದ.

ದಿಂಬಿನ ಕವರೊಂದನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸುತ್ತ ಅತ್ತಿಗೆ ಕೇಳಿದರು:

"ನನ್ನ ವಯಸ್ಸಿಗೆ ಕಲಿಯೋಕಾಗುತ್ತಾ ಅದನ್ನ?"

"ಯಾವುದನ್ನ ಅತ್ತಿಗೆ?"

"ಕಾರನ್ನ. ಜೀವಮಾನವೆಲ್ಲ ಊರವರನ್ನ ಹೊರಡಿಸಿದ್ದೇ ಆಯ್ತು. ನಾನು ಹೊರಡಬೇಕಂದ್ರೆ ಯಾರಾದ್ರೂ ಬರ್ಬೇಕು. ಆರು ವರ್ಷದಿಂದ ಕೇಳೋಣ ಅನ್ಕೊತೀನಿ. ನೀನು ಬಂದ ತಕ್ಷಣ ಹೊರಡ್ತೀಯ, ಎಲ್ಲಿ ಕೇಳೋದು?"

ಬ್ರೇಕಮ್ಮ ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟಳು. ಬೀದಿಯಲ್ಲಿ ಹೋಗುವವರಿಗೆಲ್ಲ ಕಲಿಸಿದ್ದಳು, ಮನೆಯವರೇ ಬಾಯಿ ಬಿಡಲಾಗದೆ ಕಾದಿದ್ದರು. "ನಾಳೆ ಬೆಳಗ್ಗೆನೇ ಶುರು ಮಾಡೋಣ" ಎಂದಳು.

ನಿಲ್ದಾಣ ಬೇರೆ ಕಡೆಗೆ ಹೋದ ಮೇಲೆ ಹಳೇ ನಿಲ್ದಾಣದ ಅಂಗಳ ಖಾಲಿ ಬಿದ್ದಿತ್ತು. ಬೆಳಗಿನ ಚಹಾ ಮುಗಿಸಿ ಮೂವರೂ ಅಲ್ಲಿಗೆ ಹೋದರು. ಗಂಡನಿಗೆ ಹಿಂದಿನ ಸೀಟು, ಮಾತಾಡಕೂಡದೆಂಬ ಕರಾರು. ಅತ್ತಿಗೆ ಸ್ಟೀರಿಂಗಿನ ಮುಂದೆ ನೆಟ್ಟಗೆ ಕೂತು ಬೆಲ್ಟು ಹಾಕಿಕೊಂಡರು. ಕಾಲನ್ನು ಮೊಟ್ಟೆಯ ಮೇಲಿಟ್ಟಂತೆ ಇಡಿ ಎಂದು ಬ್ರೇಕಮ್ಮ ಹೇಳಿಕೊಟ್ಟಳು. ಕಾರು ಸದ್ದಿಲ್ಲದೆ ತೆವಳಿತು. ಅವರಿಗೇ ಅರಿವಿಲ್ಲದೆ ಅತ್ತಿಗೆಯ ಬಾಯಿಂದ ನಿಲ್ದಾಣದ ದನಿ ಹೊರಟಿತು. ಕಾರು ಬಲಕ್ಕೆ ತಿರುಗುತ್ತಿದೆ, ಕಾರು ಬಲಕ್ಕೆ ತಿರುಗುತ್ತಿದೆ. ಹಿಂದಿನ ಸೀಟಿನವನು ಕರಾರು ಮುರಿಯದಿರಲು ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡ. ಒಂದು ತಿರುವಿನಲ್ಲಿ ಚಕ್ರ ಕಟ್ಟೆಗೆ ಗರಗರ ಉಜ್ಜಿತು. ಅತ್ತಿಗೆ ಬೆವತು, ಇಳಿದು, ಟಯರು ಮುಟ್ಟಿ ನೋಡಿದರು. ಮೈಮೇಲೆ ಒಂದು ಬಿಳಿ ಗೆರೆ, ಅಷ್ಟೇ. ಉಜ್ಜಲಿ ಎಂದೇ ಇದನ್ನು ಹಾಕಿಸಿದ್ದು, ಕಾರು ಹತ್ತಿ ಎಂದಳು ಬ್ರೇಕಮ್ಮ. ಆ ಬೆಳಗ್ಗೆ ಅವಳು ತನ್ನ ಬ್ರೇಕನ್ನು ಒಂದೇ ಸಲ ಒತ್ತಿದ್ದು, ಅದೂ ಅಡ್ಡಬಂದ ನಾಯಿಗಾಗಿ.

ಅಲ್ಲಿಂದ ಮುಂದೆ ತಿಂಗಳಿಗೊಂದು ರಾತ್ರಿ ಅಲ್ಲಿ ತಂಗುವುದೇ ರೂಢಿಯಾಯಿತು. ಬಂಕಿನ ಯಂತ್ರದ ಟಾರ್ಪಾಲು ಮುಂದೆ ಯಾವಾಗಲೋ ಬಿಚ್ಚಿದರು. ಅಷ್ಟು ಹೊತ್ತಿಗೆ ಅಲ್ಲಿ ನಿಲ್ಲಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಅತ್ತಿಗೆ ಎಲೆಕ್ಟ್ರಿಷಿಯನ್ನನ್ನು ಕರೆಸಿ ಅಂಗಳದ ಗೋಡೆಗೆ ಗಟ್ಟಿಮುಟ್ಟಾದ ಪ್ಲಗ್ಗೊಂದನ್ನೇ ಹಾಕಿಸಿದರು. ಗಂಡನ ಕೆಮ್ಮು ನಿಂತಿತು. ಅಂಗಡಿಯಲ್ಲಿ ಯಾರಾದರೂ ಟಯರಿನ ಮಾತೆತ್ತಿದರೆ ಈಗ ಅವನೇ, ಚಾರ್ಜು ಒಂದೇ ನೋಡಬೇಡ್ರಿ, ಹಿಡಿತ ನೋಡ್ರಿ ಎಂದು ಉಪದೇಶ ಮಾಡುತ್ತಿದ್ದ. ಬ್ರೇಕಮ್ಮ ಅದು ಕೇಳಿಸಿದರೂ ಕೇಳಿಸದ ಹಾಗೆ ಇರುತ್ತಿದ್ದಳು. ಗೆದ್ದ ಮಾತನ್ನು ಎತ್ತಿ ಆಡಿದರೆ ಸಂಸಾರ ಸಾಗೀತೇ?

ಅತ್ತಿಗೆ ಲೈಸೆನ್ಸು ಪರೀಕ್ಷೆಯಲ್ಲಿ ಮೊದಲ ಸಲ ಹಿಂದಕ್ಕೆ ತೆಗೆಯುವಾಗ ಕಂಬ ತಾಗಿಸಿ ನಪಾಸಾದರು. ಎರಡನೇ ಸಲ ಪಾಸಾದರು. ಆ ತಿಂಗಳ ಸೋಮವಾರ ಬೆಳಗ್ಗೆ ಹೊರಡುವಾಗ, ಮುಂದಿನ ಸಲ ಹಳೇದಾದರೂ ಒಂದು ಪುಟ್ಟ ಕಾರು ನೋಡಬೇಕು, ನೀನೇ ಆರಿಸಿಕೊಡಬೇಕು ಎಂದು ಅವರು ಬ್ರೇಕಮ್ಮನ ಕೈ ಹಿಡಿದು ಹೇಳಿದರು.

ಹಿಂದಿರುಗುವ ದಾರಿಯಲ್ಲಿ ಬಿಸಿಲು ಹಿತವಾಗಿತ್ತು. ಕಿಟಕಿ ಇಳಿಸಿದ್ದರು. ಗಂಡ ಅಕ್ಕ ಕಟ್ಟಿಕೊಟ್ಟ ಕಿತ್ತಳೆ ಸುಲಿದು, ಬೀಜ ತೆಗೆದು, ಒಂದೊಂದೇ ತೊಳೆಯನ್ನು ಅವಳ ಬಾಯಿಗೆ ಕೊಡುತ್ತಿದ್ದ. ಮುಂದೆ ಒಂದು ಟ್ರ್ಯಾಕ್ಟರು ನಿಧಾನವಾಗಿ ಹೋಗುತ್ತಿತ್ತು. ದಾಟಲು ಜಾಗವಿತ್ತು. ಅವಳು ದಾಟಲಿಲ್ಲ, ಅದರ ಹಿಂದೆಯೇ ಆರಾಮವಾಗಿ ಓಡಿಸಿಕೊಂಡು ಹೋದಳು.